ಐವತ್ತನೇ ವರ್ಷದ ಹೊಳೆ

ಪ್ರೈಸ್ ದ ಲಾರ್ಡ್! ಹಾವೇರಿಯವರು ಜೋರಾಗಿ ಹೇಳಿದ್ರು, ರಾಣೇಬೆನ್ನೂರಿನವರು ಪರವಾಗಿಲ್ಲ, ಬ್ಯಾಡಗಿಯವರಿಗೆ ಇನ್ನೂ ನಿದ್ದೆ ಹೋಗಿಲ್ಲ. ಇನ್ನೊಮ್ಮೆ ಹೇಳ್ರಿ. ಹಲ್ಲೆಲೂಯ! ಕುಳಿತುಕೊಳ್ರಿ. ಯೆಹೆಜ್ಕೇಲ 47ನೇ ಅಧ್ಯಾಯ ತೆಗೀರಿ. ಮೊಬೈಲಿನಾಗ ಬೈಬಲ್ ಇದ್ದವರು ಬೈಬಲನ್ನೇ ತೆಗೀರಿ, ವಾಟ್ಸಾಪ್ ಬ್ಯಾಡ.

ಓದುವ ಮುಂಚೆ ಒಂದು ವಿಷಯ. ನಮ್ಮ ಯೌವನಸ್ಥರ ಕೂಟದ ಒಬ್ಬ ಸಹೋದರ ಕಳೆದ ತಿಂಗಳು ನನ್ನ ಹತ್ತಿರ ಬಂದ. ಹೆಸರು ಹೇಳೋದಿಲ್ಲ. ಇಷ್ಟು ಹೇಳೋದಕ್ಕೂ ಫೋನಿನಾಗ ಅವನ ಒಪ್ಪಿಗೆ ಕೇಳಿದೀನಿ. ವಯಸ್ಸು 29. ಸರ್ಕಾರಿ ಪರೀಕ್ಷೆ ಮೂರು ಸಲ ಬರೆದಾನ, ಆಗಿಲ್ಲ. ಜೊತೆಗೆ ಓದಿದವರು ಬೆಂಗಳೂರಿನಾಗ ಅದಾರ, ಕೆಲಸ ಆತು, ಮದುವೆ ಆತು. ಇವನು ಬ್ಯಾಡಗಿಯಲ್ಲಿ ಅಪ್ಪನ ಅಂಗಡಿಯಲ್ಲಿ ಕೂತು ಮೆಣಸಿನಕಾಯಿ ಚೀಲದ ಲೆಕ್ಕ ಬರೀತಾನ. "ಪಾಸ್ಟರ್, ನನ್ನ ಟೈಮ್ ಮುಗೀತು ಅನ್ನಿಸ್ತದ. ಚರ್ಚಿಗೆ ಬಂದ್ರೂ ಎಲ್ಲರೂ ಕೇಳೋದು ಒಂದೇ, ಏನಪ್ಪಾ ಎಲ್ಲಿಗೆ ಬಂತು ಅಂತ" ಅಂದ. ನಾನು ಏನಂದೆ ಗೊತ್ತಾ? "ದೇವರ ಸಮಯ ಬ್ಯಾರೆ ಇರ್ತದ, ಕಾದುಕೊಂಡಿರಪ್ಪ." ಇನ್ನೊಂದು ಫೋನ್ ಬರ್ತಿತ್ತು, ಅದಕ್ಕೇ ಬೇಗ ಉತ್ತರ ಕೊಟ್ಟು ಕಳಿಸಿದೆ. ಅವನು "ಆಯ್ತು ಪಾಸ್ಟರ್" ಅಂತ ಹೋದ. ಆಮೇಲೆ ಮೂರು ಭಾನುವಾರ ಬಂದಿಲ್ಲ.

ನನ್ನ ಮೊಣಕಾಲು ನೋವು ನಿಮಗೆಲ್ಲ ಗೊತ್ತು. ಡಾಕ್ಟರು ಈಜು ಒಳ್ಳೇದು ಅಂದ್ರು. ನಾನು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ನಮ್ಮಪ್ಪನ ಕೈಯಲ್ಲಿ. ಈ ವಯಸ್ಸಿನಾಗ ಮತ್ತೆ ಈಜಬಹುದಾ ಅಂತ ಮೊಬೈಲಿನಲ್ಲಿ ಹುಡುಕ್ತಾ ಹುಡುಕ್ತಾ ಮಾಸ್ಟರ್ಸ್ ಈಜು ಸ್ಪರ್ಧೆ ಕಣ್ಣಿಗೆ ಬಿತ್ತು. ವಿಶ್ವ ಮಟ್ಟದ್ದು, 1986ರಲ್ಲಿ ಟೋಕಿಯೋದಲ್ಲಿ ಶುರುವಾದದ್ದು, 2025ರಲ್ಲಿ ಸಿಂಗಾಪುರದಲ್ಲಿ ಆಯ್ತು. ಅದರ ನಿಯಮ ಕೇಳ್ರಿ. 25 ವರ್ಷ ಆದವರಿಗೇ ಪ್ರವೇಶ. 25ರಿಂದ 29 ಒಂದು ಗುಂಪು, 30ರಿಂದ 34 ಇನ್ನೊಂದು, ಹೀಗೆ ಐದೈದು ವರ್ಷಕ್ಕೆ ಒಂದೊಂದು ಗುಂಪು, ನೂರು ದಾಟಿದವರಿಗೂ ಗುಂಪು ಇದೆ. ನಮ್ಮ ಸಹೋದರ "ನನ್ನ ಟೈಮ್ ಮುಗೀತು" ಅಂದನಲ್ಲಾ, ಅಲ್ಲಿ ಅವನು ಎಲ್ಲರಿಗಿಂತ ಚಿಕ್ಕವರ ಗುಂಪಿನವನು! ನಗ್ರಿ, ನಗ್ರಿ, ನನಗೂ ನಗು ಬಂತು.

ಇನ್ನೂ ಒಂದು ನಿಯಮ ನನಗೆ ಬಹಳ ಹಿಡಿಸ್ತು. ಮೇಲಿನ ಕಟ್ಟೆಯಿಂದ ಡೈವ್ ಹೊಡೆಯಲೇಬೇಕು ಅಂತಿಲ್ಲ. ಆಗದಿದ್ದವರು ನೀರಿನಲ್ಲೇ ನಿಂತು, ಒಂದು ಕೈಯಿಂದ ಗೋಡೆ ಹಿಡಕೊಂಡು, ಅಲ್ಲಿಂದಲೇ ಹೊರಡಬಹುದು. ಅದೂ ನ್ಯಾಯವಾದ ಆರಂಭವೇ.

ಜಪಾನಿನ ಮಿಯೇಕೊ ನಗಾವೊಕಾ ಅನ್ನೋ ತಾಯಿ ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಈಜು ಶುರು ಮಾಡಿದ್ರು. ಕಾರಣ? ಮೊಣಕಾಲು ನೋವು! 2015ರಲ್ಲಿ, 100ನೇ ವಯಸ್ಸಿನಲ್ಲಿ, 1500 ಮೀಟರ್ ಈಜಿದ್ರು. ತೆಗೆದುಕೊಂಡ ಸಮಯ ಒಂದೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ನೂರು ದಾಟಿ ಅಷ್ಟು ದೂರ ಈಜಿದವರಲ್ಲಿ ಅವರೇ ಜಗತ್ತಿಗೆ ಮೊದಲಿಗರು.

ಸರಿ, ಈಗ ವಾಕ್ಯಕ್ಕೆ ಬರೋಣ. ದೇವಾಲಯದ ಹೊಸ್ತಿಲ ಕೆಳಗಿಂದ ನೀರು ಹೊರಡ್ತದ. ಅಳತೆಯ ನೂಲು ಹಿಡಿದವನು ಸಾವಿರ ಮೊಳ ಅಳೆದು ಯೆಹೆಜ್ಕೇಲನನ್ನು ನೀರಿಗೆ ಇಳಿಸ್ತಾನ: ಪಾದದ ಗಂಟಿನ ತನಕ. ಇನ್ನೂ ಸಾವಿರ: ಮೊಣಕಾಲು. ಇನ್ನೂ ಸಾವಿರ: ಸೊಂಟ. ಇನ್ನೂ ಸಾವಿರ ಅಳೆದಾಗ ಕಾಲಿಗೆ ನೆಲ ಸಿಗೋದಿಲ್ಲ, ಈಜಲೇಬೇಕು. ನಮ್ಮ ಗಳಗನಾಥದಲ್ಲಿ ವರದಾ ಬಂದು ಸೇರಿದ ಮೇಲೆ ತುಂಗಭದ್ರೆ ದೊಡ್ಡದಾಗ್ತದ. ಈ ಹೊಳೆಗೆ ಸೇರೋ ಉಪನದಿ ಒಂದೂ ಕಾಣೋದಿಲ್ಲ, ಆದ್ರೂ ಬೆಳೀತದ. (ಹೊಳೆ ಅಂದ ಕೂಡಲೇ ನೆನಪಾಯ್ತು. ಮಳೆಗಾಲದಾಗ ರೀಲ್ಸ್ ಮಾಡಾಕ ತುಂಗಭದ್ರೆಗೆ ಇಳೀಬ್ಯಾಡ್ರಿ. ಇದು ಪ್ರವಾದನೆ ಅಲ್ಲ, ಬುದ್ಧಿಮಾತು.)

ಆತ್ಮನ ಆಳ ಅಂತ ಈ ಭಾಗವನ್ನು ನಾನೇ ಎಷ್ಟೋ ಸಲ ಸಾರಿದೀನಿ. ಈ ಸಲ ಓದುವಾಗ ಆ ಮನುಷ್ಯನ ವಯಸ್ಸು ನನ್ನನ್ನು ನಿಲ್ಲಿಸಿತು. 1ನೇ ಅಧ್ಯಾಯ ನೋಡ್ರಿ: ಮೂವತ್ತನೇ ವರ್ಷ ಅಂತ ಬರೆದದ, ಅದು ಸೆರೆಯ ಐದನೇ ವರ್ಷ. ಮೂವತ್ತು ಅಂದ್ರೆ ಅವನ ವಯಸ್ಸು ಅಂತ ಅನೇಕ ವ್ಯಾಖ್ಯಾನಕಾರರು ಹೇಳ್ತಾರ. ಅವನು ಯಾಜಕ. ಅರಣ್ಯಕಾಂಡ 4ರಲ್ಲಿ ಗುಡಾರದ ಸೇವೆಗೆ ಲೇವಿಯರನ್ನು ಲೆಕ್ಕ ಮಾಡೋದು ಮೂವತ್ತರಿಂದ ಐವತ್ತರವರೆಗೆ. ಸೇವೆ ಶುರುವಾಗಬೇಕಾದ ವಯಸ್ಸಿಗೆ ಇವನು ಎಲ್ಲಿದ್ದ? ಬಾಬೆಲಿನಲ್ಲಿ, ಕೆಬಾರ್ ನದಿಯ ದಂಡೆಯಲ್ಲಿ. ದೇವಾಲಯ ನೂರಾರು ಹರದಾರಿ ದೂರ. ಓದಿದ ಓದಿಗೆ ಕೆಲಸ ಇಲ್ಲ. ಸ್ವಲ್ಪ ವರ್ಷಕ್ಕೆ ಆ ದೇವಾಲಯವೇ ಸುಟ್ಟು ಹೋಯ್ತು, ಹೆಂಡತಿ ತೀರಿಕೊಂಡಳು.

ಈಗ 40:1. ಸೆರೆಯ ಇಪ್ಪತ್ತೈದನೇ ವರ್ಷ. ಲೆಕ್ಕ ಹಾಕ್ರಿ. ಐವತ್ತು! ರಿಟೈರ್ ಆಗೋ ವಯಸ್ಸು. ಒಂದು ದಿನವೂ ದೇವಾಲಯದಾಗ ಸೇವೆ ಮಾಡದೆ ಮುಗಿದು ಹೋದ ಲೆಕ್ಕ ಅದು. ಆ ವರ್ಷವೇ ದೇವರು ಅವನ ಕೈ ಹಿಡಿದು ಹೊಸ ದೇವಾಲಯ ತೋರಿಸಿ, ಹೊಳೆಗೆ ಇಳಿಸಿದರು. ಆಮೆನ್ ಹೇಳ್ರಿ! ಅಳತೆಯ ನೂಲು ಹಿಡಿದವನು ಅಳೆದದ್ದು ನೀರನ್ನು. ಯೆಹೆಜ್ಕೇಲನನ್ನು ಅಳೆಯಲಿಲ್ಲ. "ಇಷ್ಟು ವರ್ಷ ಎಲ್ಲಿದ್ದೆ, ನಿನ್ನ ಜೊತೆಯವರು ಎಲ್ಲಿಗೆ ಮುಟ್ಟಿದರು" ಅಂತ ಒಂದು ಮಾತೂ ಕೇಳಲಿಲ್ಲ.

ಕೇಳೋರು ನಾವು. ಸಭೆ ಮುಗಿದ ಮೇಲೆ ಚಹಾ ಕುಡಿಯೋವಾಗ ಪ್ಯಾಕೇಜ್ ಎಷ್ಟು, ರಿಸಲ್ಟ್ ಏನಾತು ಅಂತ ಅಳೆಯೋರು ನಾವು. ನಾನೂ ಅಳೆದೀನಿ.

ಕೊನೆಗೆ ಅಪೊಸ್ತಲರ ಕೃತ್ಯ 27. ಪೌಲನ ಹಡಗಿನಲ್ಲಿ 276 ಜನ, ಹಡಗು ಒಡೀತದ. ಈಜು ಬಲ್ಲವರು ಮೊದಲು ಹಾರಲಿ ಅಂತ ಶತಾಧಿಪತಿ ಅಪ್ಪಣೆ ಕೊಟ್ಟ. ಉಳಿದವರು? ಕೆಲವರು ಹಲಗೆ ಹಿಡಕೊಂಡು, ಕೆಲವರು ಹಡಗಿನ ಚೂರು ಹಿಡಕೊಂಡು ಬಂದರು. ಮೊದಲು ದಡ ಮುಟ್ಟಿದವನು ಯಾರು ಅಂತ ಲೂಕನು ಬರೆದಿಲ್ಲ. ಎಲ್ಲರೂ ಮುಟ್ಟಿದರು ಅಂತ ಬರೆದ. ನಿಮ್ಮಲ್ಲಿ ಈಜು ಬಲ್ಲವರಿದ್ದೀರಿ, ದೇವರಿಗೆ ಸ್ತೋತ್ರ. ಹಲಗೆ ಹಿಡಕೊಂಡು ತೇಲ್ತಾ ಇರೋರೂ ಇದ್ದೀರಿ, ನನಗೆ ಗೊತ್ತು, ಮುಖ ನೋಡಿದ್ರೆ ತಿಳೀತದ.

ನಮ್ಮ ಸಹೋದರ ಇವತ್ತೂ ಬಂದಿಲ್ಲ. ಊಟ ಆದ ಮೇಲೆ ನಾನು ಬ್ಯಾಡಗಿಗೆ ಹೋಗ್ತೀನಿ. ಅವನ ಅಂಗಡಿಯಲ್ಲಿ ಕೂತು, ಈ ಸಲ ಫೋನ್ ಆಫ್ ಮಾಡಿ, ಅವನು ಹೇಳೋದನ್ನ ಪೂರ್ತಿ ಕೇಳ್ತೀನಿ. ನನ್ನ ಜೊತೆ ಇಬ್ಬರು ಬರಬಹುದು, ಕಾರಿನಾಗ ಜಾಗ ಐತಿ. ಒಂದೇ ಷರತ್ತು: ಎಲ್ಲಿಗೆ ಬಂತು ಅಂತ ಅವನನ್ನ ಕೇಳಬಾರದು. ಈಗ ಎದ್ದು ನಿಲ್ರಿ, ಪ್ರಾರ್ಥಿಸೋಣ.