ಓದುಗನ ಹೆಸರು ಯಾರ ಸೊತ್ತು?

ವೇದ ಕೇಳಿದ ಶೂದ್ರನ ಕಿವಿಗೆ ಕಾದ ತವರ, ಅರಗು ಹೊಯ್ಯಿರಿ ಎಂದ ಗೌತಮ ಧರ್ಮಸೂತ್ರದ ನಾಡು ಇದು. ಇಲ್ಲೀಗ ಪುಸ್ತಕ ಫೋನಿನೊಳಗೆ ಕೂತು ಕೇರಿಗೆ ಬರುತ್ತಿದೆ. ಪಂಚಾಯಿತಿ ಲೈಬ್ರರಿಗಳು ವಾಟ್ಸಾಪ್ ಗುಂಪು ಮಾಡುತ್ತವೆ, ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕುತ್ತವೆ. ಬರಲಿ, ಬೇಡ ಅಂದವರ್ಯಾರು? ಆದರೆ ಪುಸ್ತಕದ ಬೆನ್ನಿಗೇ ಕಾನೂನೂ ಬಂದಿದೆ. ಅದು ಯಾರನ್ನು ಕಾಯುತ್ತದೆ, ಯಾರ ಕುತ್ತಿಗೆಗೆ ಬೀಳುತ್ತದೆ ಎನ್ನುವುದನ್ನು ವಕೀಲರಿಗೆ ಬಿಟ್ಟು ನಾವು ಸುಮ್ಮನಿರಲಾಗದು.

ಬಾಬಾಸಾಹೇಬರನ್ನೇ ತಗೊಳ್ಳಿ. ಅವರು ತೀರಿಕೊಂಡದ್ದು 1956ರಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕ ಸತ್ತು 60 ವರ್ಷ ಕಳೆದರೆ ಬರಹ ಎಲ್ಲರದು. ಹಾಗಾಗಿ 1936ರ ‘ಅನಿಹಿಲೇಶನ್ ಆಫ್ ಕಾಸ್ಟ್’ ಇಂಗ್ಲಿಷ್ ಮೂಲ 2017ರಿಂದ ಯಾರ ಬೀಗದಲ್ಲೂ ಇಲ್ಲ. ಗುಂಪಿಗೆ ಧಾರಾಳ ಹಾಕಿ. ಆದರೆ ಲೇಖಕ ಸತ್ತಮೇಲೆ ಮೊದಲ ಸಲ ಅಚ್ಚಾದ ಬರಹದ 60 ವರ್ಷ ಎಣಿಸುವುದು ಅಚ್ಚಾದ ವರ್ಷದಿಂದ. ‘ರಿಡಲ್ಸ್ ಇನ್ ಹಿಂದೂಯಿಸಂ’ ಅನ್ನು ಮಹಾರಾಷ್ಟ್ರ ಸರ್ಕಾರ ಅಚ್ಚು ಹಾಕಿದ್ದು 1987ರಲ್ಲಿ. ಅದರ ಹಕ್ಕು 2047ರ ಕೊನೆವರೆಗೂ ಇದೆ. ಕನ್ನಡ ಅನುವಾದವಾದರೆ ಅನುವಾದಕರ ಹಕ್ಕು ಬೇರೆ. ಒಬ್ಬನೇ ಮನುಷ್ಯನ ಎರಡು ಪುಸ್ತಕ. ಒಂದನ್ನು ಹಂಚಿದರೆ ಸೇವೆ, ಇನ್ನೊಂದನ್ನು ಹಂಚಿದರೆ ಅಪರಾಧ. ಲೈಬ್ರರಿಯ ಮೇಲ್ವಿಚಾರಕನಿಗೆ ಇದನ್ನು ಯಾರು ಹೇಳಿಕೊಟ್ಟಿದ್ದಾರೆ? ಕಾಯ್ದೆಯಲ್ಲಿ ಲೈಬ್ರರಿಗೆ ಕಿಂಡಿಗಳೂ ಇವೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿ ತೆಗೆಯಬಹುದು. ತನ್ನ ಬಳಿ ಇರುವ ಪುಸ್ತಕವನ್ನು ಕಾಪಾಡಲು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದೆಂದು 2012ರ ತಿದ್ದುಪಡಿ ಹೇಳಿತು. ಆದರೆ ಇಟ್ಟುಕೊಳ್ಳುವುದೇ ಬೇರೆ, ಇನ್ನೂರು ಫೋನಿಗೆ ಕಳಿಸುವುದೇ ಬೇರೆ.

2016ರಲ್ಲಿ ದೆಹಲಿ ಹೈಕೋರ್ಟು ವಿದ್ಯಾರ್ಥಿಗಳ ಪಾಠಕ್ಕಾಗಿ ಮಾಡಿದ ಜೆರಾಕ್ಸನ್ನು ಎತ್ತಿಹಿಡಿಯಿತು. ದೊಡ್ಡ ವಿದೇಶಿ ಪ್ರಕಾಶಕರು ಅಲ್ಲಿ ಸೋತರು. ಕೃತಿಸ್ವಾಮ್ಯ ದೇವರು ಕೊಟ್ಟ ಹಕ್ಕಲ್ಲವೆಂಬ ಮಾತು ಆ ಮೊಕದ್ದಮೆಯಲ್ಲಿ ಬಂತು. ನನಗೆ ಅದು ಇಷ್ಟ. ದೇವರ ಹೆಸರಲ್ಲಿ ಬಂದ ಹಕ್ಕುಗಳ ರುಚಿ ನಾವು ಕಂಡವರಲ್ಲವೆ! ಹಾಗಂತ ಕೇರಿಯ ಹುಡುಗನೊಬ್ಬ ಕೈಸಾಲ ಮಾಡಿ ಅಚ್ಚು ಹಾಕಿಸಿದ ಕವನ ಸಂಕಲನವನ್ನು ಪಿಡಿಎಫ್ ಮಾಡಿ ಊರಿಗೆಲ್ಲ ಹಂಚುವುದನ್ನು ನಾನು ಕ್ರಾಂತಿ ಅನ್ನಲಾರೆ. ಅದು ಬಡವನ ಗದ್ದೆಗೆ ದನ ಬಿಟ್ಟ ಹಾಗೆ.

ಇನ್ನು ಮಾತಿನ ವಿಚಾರ. ಗುಂಪಿನಲ್ಲಿ ಒಬ್ಬ ಓದುಗ ಜಾತಿ ನಿಂದಿಸಿ ಬರೆದ, ಇನ್ನೊಬ್ಬ ದೇವರನ್ನು ಬೈದ ಅನ್ನಿ. ಕೇಸು ಯಾರ ಮೇಲೆ? ಫೇಸ್‌ಬುಕ್ಕಿನಂಥ ಕಂಪನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ಕೊಡೆ ಇದೆ. ಗುಂಪಿನ ಅಡ್ಮಿನ್ ಮಾತ್ರ ಕೋರ್ಟಿನ ಮೆಟ್ಟಿಲು ಹತ್ತಿ ಬಚಾವಾಗಬೇಕಾಯಿತು. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲವೆಂದು ಬಾಂಬೆ ಹೈಕೋರ್ಟು 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿದವು. ತೀರ್ಪು ಸರಿ. ಆದರೆ ಅಲ್ಲಿಯವರೆಗಿನ ಸ್ಟೇಷನ್ನು, ವಕೀಲರ ಫೀಜು, ತಪ್ಪಿದ ದಿನಗೂಲಿ? 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲೇ ಹೊಡೆದುಹಾಕಿತು. ಆ ಸತ್ತ ಕಲಮಿನಲ್ಲಿ ಪೊಲೀಸರು ಇನ್ನೂ ಕೇಸು ಹಾಕುತ್ತಿದ್ದಾರೆಂದು 2021ರಲ್ಲಿ ಅದೇ ಕೋರ್ಟು ಬೆಚ್ಚಿತು. ಸತ್ತ ಕಾನೂನೂ ಕೇರಿಯಲ್ಲಿ ದೆವ್ವವಾಗಿ ಓಡಾಡುತ್ತದೆ.

ಈ ಭಯದಲ್ಲಿ ಮೇಲ್ವಿಚಾರಕ ಏನು ಮಾಡುತ್ತಾನೆ? ಜಯಂತಿಯ ಹಾರದ ಫೋಟೋ ಹಾಕುತ್ತಾನೆ, ಅಂಬೇಡ್ಕರರ ಒಂದು ಪುಟ ಹಾಕುವುದಿಲ್ಲ. ಅವನನ್ನು ಹೇಡಿ ಅನ್ನುವುದು ಸುಲಭ. ಅಂದವರು ಅವನ ಮನೆಗೆ ಅಕ್ಕಿ ಹಾಕುವರೆ?

ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ಫೋಟೋ. ನಮ್ಮಪ್ಪ ಹೆಬ್ಬೆಟ್ಟಿನವನು. ಯಾವ ಕಾಗದ, ಏನು ಬರೆದಿದೆ ಅಂತ ತಿಳಿಯದೆ ಒತ್ತಿದ. ಡಿಗ್ರಿ ಮಾಡಿದ ನಾನು ಫೋನಿನಲ್ಲಿ ‘ಒಪ್ಪಿಗೆ’ ಅಂತ ಒತ್ತುವಾಗ ಓದದೆಯೇ ಒತ್ತುತ್ತೇನೆ. ಮಸಿ ಇಲ್ಲ ಅಷ್ಟೆ, ಬೆಟ್ಟು ಅದೇ. ಹೀಗಿರುವಾಗ ಲೈಬ್ರರಿಯಲ್ಲಿ ಓದುತ್ತ ಕೂತ ಹುಡುಗಿಯ ಮುಖ, ಹೆಸರು, ಊರು, ಕೈಯಲ್ಲಿರುವ ಪುಸ್ತಕ ಎಲ್ಲವನ್ನೂ ಫೇಸ್‌ಬುಕ್ಕಿಗೆ ಏರಿಸಲು ಯಾರು ಒಪ್ಪಿದರು? ಅವಳು ಯಾರು, ಏನು ಓದುತ್ತಾಳೆ ಎಂಬುದು ಊರ ಯಜಮಾನರಿಗೂ ಕಾಣುತ್ತದೆ. ನಮ್ಮಲ್ಲಿ ಓದಿದ್ದಕ್ಕೇ ಕಣ್ಣು ಕೆಂಪಾಗುವವರು ಇದ್ದಾರೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಅಂದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು. 18 ತುಂಬದವರ ವಿವರಕ್ಕೆ ಹೆತ್ತವರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ವಾಯಿದೆ. ಖಾಸಗಿತನ ಶ್ರೀಮಂತರ ಕಾಂಪೌಂಡಿನ ಮಾತು, ನಮಗೇಕೆ ಅನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಗಿಲಿಲ್ಲದ ಗುಡಿಸಲಲ್ಲಿ ಬೆಳೆದವಳಿಗೇ ಬಾಗಿಲು ಹೆಚ್ಚು ಬೇಕು.

ಆದ್ದರಿಂದ ಇಲಾಖೆ ಮೊದಲು ಕನ್ನಡದಲ್ಲಿ, ಬರವಣಿಗೆಯಲ್ಲಿ, ನಾಲ್ಕು ಮಾತು ಕೊಡಲಿ: ಯಾವ ಪುಸ್ತಕ ಹಂಚಬಹುದು, ಯಾವ ಫೋಟೋ ಹಾಕಬಾರದು, ಗುಂಪಿನಲ್ಲಿ ಕೆಟ್ಟ ಮಾತು ಬಂದರೆ ಏನು ಮಾಡಬೇಕು, ಕೇಸು ಬಿದ್ದರೆ ವಕೀಲರನ್ನು ಇಡುವವರು ಯಾರು. ಅದನ್ನು ನೋಟಿಸು ಬೋರ್ಡಿಗೆ ಅಂಟಿಸಲಿ. ಹೆಬ್ಬೆಟ್ಟಿನ ಅಪ್ಪಂದಿರಿಗೆ ಯಾರಾದರೂ ಓದಿ ಹೇಳಲಿ. ಅಲ್ಲಿಯವರೆಗೆ ಆ ಹುಡುಗಿಯ ಫೋಟೋ ತೆಗೆಯಿರಿ. ಅವಳು ಕೇಳಿದ ಪುಸ್ತಕ ಕೊಡಿ.