ಐವತ್ತು ರೂಪಾಯಿಯ ತೊಳೆತ

ಕಮಲಾಪುರ ದಾಟಿ ಕಲಬುರಗಿ ಕಡೆ ಬರುವಾಗ ಬೈಕಿನ ಹ್ಯಾಂಡಲ್ ಬಿಗಿ ಹಿಡಿಯತೊಡಗಿತು. ರಸ್ತೆ ಬದಿಯ ಗ್ಯಾರೇಜಿನ ಉಸ್ತಾದ್ ಅಲ್ಲಾಡಿಸಿ ನೋಡಿ, 'ಕೋನ್‌ಸೆಟ್ ರೀ ಸರ್. ಬಿಚ್ಚಿ ತೊಳದು ಗ್ರೀಸ್ ಹಾಕಿದ್ರ ಇನ್ನೂ ಸ್ವಲ್ಪ ದಿನ ನಡೀತದ' ಅಂದ. ರೂಢಿಯಂತೆ ಚೌಕಾಸಿ ಮಾಡಿದೆ. ಐವತ್ತು ರೂಪಾಯಿ ಇಳಿಸಿದ.

ಶಹಾಬಾದಿ ಪರಸಿಯ ಮೇಲೊಂದು ತಗಡಿನ ಟ್ರೇ, ಅದರಾಗ ಕರ್ರಗಿನ ಡೀಸೆಲ್. ಮೊದಲು ಚಿಮಣಿ ಎಣ್ಣಿ ಇರುತ್ತಿತ್ತು, ರೇಷನ್ನಿನ ನೀಲಿ ಬಣ್ಣದ್ದು. ಅದು ಗ್ಯಾರೇಜಿಗೆ ಹೆಂಗ ಬರತಿತ್ತು ಅಂತ ಯಾರೂ ಕೇಳುತ್ತಿರಲಿಲ್ಲ, ಆ ಮಾತು ಬಿಡಿ.

ಈ ಟ್ರೇಗೂ ಒಂದು ಆರೈಕೆ ಬೇಕು. ಮಣ್ಣು, ಕಬ್ಬಿಣದ ಚೂರು ಭಾರ. ರಾತ್ರಿ ಅಲ್ಲಾಡಿಸದೆ ಬಿಟ್ಟರೆ ಬುಡಕ್ಕೆ ಕೂಡುತ್ತವೆ. ಮುಂಜಾನೆ ಮೇಲಿನದನ್ನಷ್ಟೇ ಬಗ್ಗಿಸಿ, ಬಟ್ಟೆಯಲ್ಲಿ ಸೋಸಿ ಮತ್ತೆ ಬಳಸಬಹುದು. ಆದರೆ ಕರಗಿದ ಗ್ರೀಸು ಬುಡಕ್ಕೂ ಕೂಡುವುದಿಲ್ಲ, ಸೋಸಿದರೂ ಹೋಗುವುದಿಲ್ಲ. ಮೇಲೆ ಹೊಸ ಡೀಸೆಲ್ ಸುರಿದರೆ ಹೊಲಸು ತೆಳುವಾಗುತ್ತದೆ ಅಷ್ಟೇ. ಬಲ್ಲವರು ಹಳೆಯದರಲ್ಲಿ ಮೊದಲು ತೊಳೆದು, ಕೊನೆಗೆ ಒಮ್ಮೆ ಹೊಸದರಲ್ಲಿ ಜಾಲಿಸುತ್ತಾರೆ. ಆ ಕೊನೆಯ ಜಾಲಿಸುವಿಕೆಯೇ ಮುಖ್ಯ. ಗುಂಡಿಗೆ ಅಂಟಿದ ಒಂದು ಮರಳಿನ ಕಣ ಗ್ರೀಸಿನೊಳಗೆ ಸೇರಿದರೆ ಗ್ರೀಸೇ ಉಜ್ಜುವ ಪೇಸ್ಟ್ ಆಗುತ್ತದೆ.

ಉಸ್ತಾದನ ಬಳಿ ಹೊಸ ಡೀಸೆಲ್ಲಿನ ಬಾಟಲಿ ಇತ್ತು. ಗುಂಡುಗಳನ್ನು ಟ್ರೇಯಲ್ಲಿ ತಿಕ್ಕಿದ, ಬಾಟಲಿ ಕಡೆ ನೋಡಿದ, ಬಿಟ್ಟ. ಬಟ್ಟೆಯಲ್ಲಿ ಒರೆಸಿ ಗ್ರೀಸ್ ಹಚ್ಚತೊಡಗಿದ.

ಇದು ಮೋಸವೇ? ಎರಡು ಸಲ ತೊಳೀತೀನಿ ಅಂತ ಅವ ಮಾತು ಕೊಟ್ಟಿರಲಿಲ್ಲ. ಐವತ್ತು ರೂಪಾಯಿ ಯಾವುದರಲ್ಲಿ ಇಳೀತದ ಅಂತ ನಾನೂ ಕೇಳಿರಲಿಲ್ಲ. ಕಡಿಮೆ ಮಾಡು ಅಂದೆ, ನನಗೆ ಕಾಣದ ಕಡೆ ಕಡಿಮೆ ಮಾಡಿದ. ಕಾಣುವ ಕಡೆ ಮಾಡಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ. ಇನ್ನು ಡೀಸೆಲ್ ಹೊಲಸಾದದ್ದು ಯಾವ ದಿನ? ನಿನ್ನೆ ನಡೆದದ್ದು ಇವತ್ತೂ ನಡೀತದ, ಒಂಚೂರು ಹೆಚ್ಚು ಕಪ್ಪು, ಅಷ್ಟೇ. ನಮ್ಮ ಆಫೀಸಿನ ಎಷ್ಟೋ ಕೆಲಸವೂ ಹಿಂಗೇ ಕಪ್ಪಾಗಿದೆ. ಅಲ್ಲಿ ನಾನೂ ಬಾಟಲಿ ಕಡೆ ನೋಡಿ ಬಿಟ್ಟವನೇ. ಆದರೆ ಹ್ಯಾಂಡಲ್ ಹಿಡಿದಾಗ ಎದುರಿಗೆ ಬರುವವನು ಈ ಚೌಕಾಸಿಯಲ್ಲಿ ಇರಲೇ ಇಲ್ಲ.

'ಆ ಐವತ್ತು ತಗೋರಿ, ಇನ್ನೊಮ್ಮೆ ಜಾಲಿಸ್ರಿ' ಅಂದೆ. ಮುಖ ನೋಡಿದ. ಹಚ್ಚಿದ ಗ್ರೀಸ್ ಒರೆಸಿ ತೆಗೆದು ಬಾಟಲಿ ಬಿಚ್ಚಿದ.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಬುಡದ ರಾಡಿ ಎಲ್ಲಿ ಚೆಲ್ಲತೀರಿ ಅಂತ ಕೇಳಿದೆ. ಬಳಸಿದ ಎಣ್ಣೆಯನ್ನು ಪರವಾನಗಿ ಇರುವವರಿಗೇ ಕೊಡಬೇಕು ಅಂತ 2016ರ ಅಪಾಯಕಾರಿ ತ್ಯಾಜ್ಯ ನಿಯಮ ಇರುವುದನ್ನೂ ಹೇಳಿದೆ.

'ಹಿಂದ ಬದುವಿಗೆ ಚೆಲ್ಲತೀನ್ ರೀ' ಅಂದ. ಆಮೇಲೆ ನಗುತ್ತ, 'ಕಲಬುರಗಿಗೇ ಹೊಂಟೀರಲ್ಲ ಸರ್, ಡಬ್ಬಿ ತುಂಬಿ ಕೊಡ್ಲೇನು? ಒಯ್ತೀರಾ?'

ಕಿಕ್ ಹೊಡೆದೆ. ಹ್ಯಾಂಡಲ್ ಹಗುರಾಗಿತ್ತು.