ಹಳೆಯ ವಸ್ತುವಿನ ನ್ಯಾಯವಾದ ಬೆಲೆ

ಗುಜರಿಯಿಂದ ಹಳೆಯ ಮೇಜೊಂದನ್ನು ತಂದು, ತಿಳಿಬಣ್ಣ ಬಳಿದು, ಬಣ್ಣ ಒಣಗಿದ ಮೇಲೆ ಅಂಚುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಮೂರು ತಲೆಮಾರು ಬಳಸಿ ಸವೆದಂತೆ ಕಾಣುವ ಹಾಗೆ ಮಾಡಿ ಪಡಸಾಲೆಯಲ್ಲಿ ಇಡುವುದು ಈಗಿನ ಒಂದು ಅಭಿರುಚಿ. ‘ಶ್ಯಾಬಿ ಶಿಕ್’ ಎಂದು ಇದರ ಹೆಸರು. ರೇಚೆಲ್ ಆಶ್‌ವೆಲ್ ಎಂಬ ಮಹಿಳೆ 1989ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಮೋನಿಕಾದಲ್ಲಿ ಇದೇ ಹೆಸರಿನ ಅಂಗಡಿಯನ್ನು ತೆರೆದ ಮೇಲೆ ಈ ಮಾತು ಲೋಕಪ್ರಸಿದ್ಧವಾಯಿತು. ಬಣ್ಣ ಬಳಿಯುವ ಮೊದಲು ಅಂಚುಗಳಿಗೆ ಮೇಣದಬತ್ತಿಯನ್ನು ತಿಕ್ಕಿದರೆ ಅಲ್ಲಿ ಬಣ್ಣ ಹಿಡಿಯದೆ ಸುಲಭವಾಗಿ ಏಳುತ್ತದೆಯಂತೆ. ಮೇಣದಬತ್ತಿಗೆ ಇಂಥ ಉಪಯೋಗವೂ ಉಂಟೆಂದು ಸೆಮಿನರಿಯಲ್ಲಿ ನಮಗಾರೂ ಕಲಿಸಿರಲಿಲ್ಲ!

ಗೃಹಾಲಂಕಾರದ ಗೊಡವೆ ಧರ್ಮಗುರುವಿಗೇಕೆ ಎಂದು ನೀವು ಕೇಳಬಹುದು. ಹಳತನ್ನು ಬಿಸಾಡದೆ ಉಳಿಸಿಕೊಳ್ಳುವುದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸುತ್ತಾ, ನಾವು ತಯಾರಿಸುವ ಕಾಗದದ ಬಹುಪಾಲು ಮರುಬಳಕೆಯಾಗದೆ ಕಸವಾಗುವುದನ್ನೇ ಉದಾಹರಣೆಯಾಗಿ ಎತ್ತಿಕೊಂಡರು. ಒಂದು ವಸ್ತುವನ್ನು ಮತ್ತೆ ಬಳಸುವುದು ಪ್ರೀತಿಯ ಕಾರ್ಯವಾಗಬಲ್ಲದು ಎಂದರು. ಆದರೆ ಜೊತೆಗೆ ಒಂದು ಷರತ್ತನ್ನೂ ಸೇರಿಸಿದರು: ಅದರ ಹಿಂದಿನ ಉದ್ದೇಶ ಸರಿಯಾಗಿರಬೇಕು. ಈ ಷರತ್ತಿನ ಬಗ್ಗೆಯೇ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆನಿಸಿದೆ.

ನಮ್ಮ ಮನೆಗಳಿಗೆ ಮರುಬಳಕೆ ಹೊಸತೇನಲ್ಲ. ಹಳೆಯ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಒರೆಸುವ ಬಟ್ಟೆಯಾಗುತ್ತಿತ್ತು. ಎಣ್ಣೆಯ ಡಬ್ಬ ತುಳಸಿಗೋ ಗುಲಾಬಿಗೋ ಕುಂಡವಾಗುತ್ತಿತ್ತು. ಅದನ್ನು ಯಾರೂ ಕಲೆ ಎನ್ನಲಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೆ. ಆ ಮನೆಯ ಹಳತು ಆ ಮನೆಯಲ್ಲೇ ರೂಪ ಬದಲಿಸುತ್ತಿತ್ತು. ಈಗಿನದು ಹಾಗಲ್ಲ. ಒಬ್ಬರ ಮನೆಯಲ್ಲಿ ಸವೆದದ್ದು ಇನ್ನೊಬ್ಬರ ಮನೆಯಲ್ಲಿ ಅಂದವಾಗುತ್ತದೆ. ನಡುವೆ ಒಂದು ಕ್ರಯ ವಿಕ್ರಯ ನಡೆದಿರುತ್ತದೆ. ನೈತಿಕ ಪ್ರಶ್ನೆ ಹುಟ್ಟುವುದು ಅಲ್ಲಿ.

ನಮ್ಮ ಭದ್ರಾವತಿಯ ಕಾಗದನಗರವನ್ನೇ ನೋಡಿ. 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆಯನ್ನು ನೆಚ್ಚಿ ಬೆಳೆದ ಬಡಾವಣೆ ಅದು. ಆ ಕಾರ್ಖಾನೆಯೇ ಮರುಬಳಕೆಯ ಒಂದು ದೊಡ್ಡ ಪಾಠವಾಗಿತ್ತು. ಹಾಲು ಹಿಂಡಿದ ಕಬ್ಬಿನ ಸಿಪ್ಪೆಯೂ ಅಲ್ಲಿ ಕಾಗದವಾಗುತ್ತಿತ್ತು. ಆ ಕಾಗದದ ಮೇಲೆ ನಾಡಿನ ಪತ್ರಿಕೆಗಳು ಅಚ್ಚಾಗುತ್ತಿದ್ದವು. 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಸಂಬಳ ನಿಂತ ಮನೆಗಳ ಸಂಗತಿಯನ್ನು ನಿಮಗೆ ನಾನು ಬಣ್ಣಿಸಬೇಕಾಗಿಲ್ಲ. ಕ್ವಾರ್ಟರ್ಸ್ ಬಿಟ್ಟು ಮಕ್ಕಳಿರುವ ಊರಿನ ಸಣ್ಣ ಬಾಡಿಗೆ ಮನೆಗೆ ಹೊರಟ ದಂಪತಿಗಳನ್ನು ಕಲ್ಪಿಸಿಕೊಳ್ಳಿ. ತಾಮ್ರದ ಹಂಡೆ, ತೇಗದ ಮಂಚ, ಬೀಸುವ ಕಲ್ಲು, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ – ಇವೆಲ್ಲ ಲಾರಿಯಲ್ಲಿ ಹಿಡಿಸುವುದಿಲ್ಲ; ಹಿಡಿಸಿದರೂ ಹೊಸ ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲ. ಇನ್ನೆರಡು ದಿನದಲ್ಲಿ ಮನೆ ಖಾಲಿ ಮಾಡಬೇಕು. ತಕ್ಕಡಿ ಹಿಡಿದು ಬಂದವನು ತಾಮ್ರವನ್ನು ತೂಕಕ್ಕೆ, ಕಬ್ಬಿಣವನ್ನು ತೂಕಕ್ಕೆ, ಮರವನ್ನು ಸೌದೆಯ ಲೆಕ್ಕಕ್ಕೆ ಕೊಳ್ಳುತ್ತಾನೆ. ಅದೇ ಹಂಡೆ ಹುಣಸೆಹಣ್ಣು ಹಚ್ಚಿ ತಿಕ್ಕಿಸಿಕೊಂಡು ನಗರದ ಅಂಗಡಿಯಲ್ಲಿ ಕುಳಿತಾಗ ತಕ್ಕಡಿ ಮಾಯವಾಗುತ್ತದೆ. ಅಲ್ಲಿ ಬೆಲೆ ಅದರ ವಯಸ್ಸಿಗೆ, ಅಂದಕ್ಕೆ, ಅಂಚಿನ ಸವೆತಕ್ಕೆ. ಆ ಸವೆತವಾದರೂ ಯಾರದು? ನಲವತ್ತು ವರ್ಷ ಅದನ್ನು ಬೆಳಗಿದ ಕೈಗಳದ್ದು. ಆ ಕೈಗಳಿಗೆ ಸಿಕ್ಕಿದ್ದು ಮಾತ್ರ ಲೋಹದ ತೂಕದ ಬೆಲೆ.

ಮಾರುವವರು ಒಪ್ಪಿಯೇ ಮಾರಿದರಲ್ಲ, ಇದರಲ್ಲಿ ಅನ್ಯಾಯವೆಲ್ಲಿ ಬಂತು ಎಂದು ಯಾರಾದರೂ ಕೇಳಬಹುದು. ಕಾನೂನು ಕೂಡ ಅಲ್ಲಿಗೇ ನಿಲ್ಲುತ್ತದೆ. ಸಂತ ಅಗಸ್ಟೀನರು ತ್ರೈಕ್ಯದ ಕುರಿತು ಬರೆದ ಗ್ರಂಥದ ಹದಿಮೂರನೆಯ ಭಾಗದಲ್ಲಿ ಒಂದು ಪುಟ್ಟ ಪ್ರಸಂಗವನ್ನು ಹೇಳುತ್ತಾರೆ. ಅಗ್ಗಕ್ಕೆ ಕೊಂಡು ತುಟ್ಟಿಗೆ ಮಾರಬೇಕೆಂಬುದೇ ಮನುಷ್ಯರೆಲ್ಲರ ಆಸೆ ಎಂಬ ಮಾತನ್ನು ಪರಿಶೀಲಿಸುವಾಗ ಬರುವ ಪ್ರಸಂಗವದು. ಅವರು ಬಲ್ಲ ಒಬ್ಬಾತನ ಬಳಿ ಒಂದು ಹಸ್ತಪ್ರತಿ ಮಾರಾಟಕ್ಕೆ ಬಂತು. ಮಾರುವವನಿಗೆ ಅದರ ಬೆಲೆ ತಿಳಿಯದು. ತೀರಾ ಕಡಿಮೆ ಕೇಳಿದ. ಕೊಳ್ಳುವವನು ಅದರ ನಿಜವಾದ ಬೆಲೆಯನ್ನೇ ಎಣಿಸಿ ಕೊಟ್ಟ. ಮಾರುವವನು ಅಷ್ಟನ್ನು ನಿರೀಕ್ಷಿಸಿಯೇ ಇರಲಿಲ್ಲ. ಆ ಮನುಷ್ಯನ ಹೆಸರನ್ನು ಅಗಸ್ಟೀನರು ಹೇಳುವುದಿಲ್ಲ. ಅವನು ಯಾವ ಕಾನೂನಿಗೂ ಹೆದರಬೇಕಾಗಿರಲಿಲ್ಲ. ಸುಮ್ಮನೆ ಕೇಳಿದಷ್ಟು ಕೊಟ್ಟು ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಎಂಟು ಶತಮಾನಗಳ ತರುವಾಯ ಸಂತ ಥಾಮಸ್ ಅಕ್ವಿನಾಸರು ಕ್ರಯ ವಿಕ್ರಯದ ನ್ಯಾಯವನ್ನು ವಿಚಾರಿಸುವಾಗ ಇದೇ ಪ್ರಸಂಗವನ್ನು ನೆನೆಯುತ್ತಾರೆ. ಅವರ ವಿಚಾರ ಬಹಳ ಹದವಾದುದು. ಒಬ್ಬನು ಕೊಂಡ ವಸ್ತುವನ್ನು ಉತ್ತಮಗೊಳಿಸಿ ಹೆಚ್ಚು ಬೆಲೆಗೆ ಮಾರಿದರೆ ಆ ಲಾಭ ಅವನ ದುಡಿಮೆಯ ಕೂಲಿ ಎಂದು ಅವರು ಒಪ್ಪುತ್ತಾರೆ. ಆದ್ದರಿಂದ ಮುರಿದ ಕುರ್ಚಿಗೆ ಕಾಲು ಜೋಡಿಸಿ, ಮೆರುಗು ಕೊಟ್ಟು ಮಾರುವ ನಮ್ಮ ಹುಡುಗ ಹುಡುಗಿಯರು ಸಂಕೋಚಪಡಬೇಕಾಗಿಲ್ಲ. ಆದರೆ ಅದೇ ಸಂತರು ಇನ್ನೊಂದು ಮಾತನ್ನೂ ಹೇಳುತ್ತಾರೆ: ಮತ್ತೊಬ್ಬನ ವಸ್ತುವಿನಿಂದ ಬಹಳ ಲಾಭ ಪಡೆಯುವವನು ತಾನಾಗಿಯೇ ಅವನಿಗೆ ಒಂದಿಷ್ಟು ಹೆಚ್ಚು ಕೊಡಬಹುದು, ಅದು ಅವನ ಸಜ್ಜನಿಕೆಗೆ ಸೇರಿದ್ದು. ಸಾಲದ ಹಾಗೆ ವಸೂಲು ಮಾಡಲಾಗದ ಹಣ ಅದು. ಆದರೂ ಅದು ಸಲ್ಲಬೇಕಾದ ಹಣವೆಂದೇ ನನ್ನ ಎಣಿಕೆ.

ಗುಜರಿಯಲ್ಲಿ ಕೊಂಡ ವಸ್ತುವಿನ ಮೂಲ ಒಡೆಯರನ್ನು ಎಲ್ಲಿ ಹುಡುಕುವುದು? ಸಾಧ್ಯವಿಲ್ಲ, ನಿಜ. ಕೈಯಿಂದ ಕೈಗೆ ದಾಟಿದಂತೆ ಹೊಣೆಯೂ ತೆಳುವಾಗುತ್ತದೆ. ಆದರೆ ಗುಜರಿಯವನೂ ಬಿಸಿಲಲ್ಲಿ ಗಾಡಿ ತಳ್ಳಿದವನೇ. ದೊಡ್ಡ ಮಳಿಗೆಯಲ್ಲಿ ಚೀಟಿ ಕಟ್ಟಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುವ ನಾವು ಇವನ ಮುಂದೆ ಹತ್ತು ರೂಪಾಯಿಗಾಗಿ ಕಾಲು ಗಂಟೆ ಚೌಕಾಶಿ ಮಾಡುವುದೇಕೆ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಇನ್ನು ಮಾರುವವರು ಪಕ್ಕದ ಬೀದಿಯವರೇ ಆಗಿದ್ದರೆ, ಪೂಜೆಯಲ್ಲಿ ನಮ್ಮದೇ ಸಾಲಿನಲ್ಲಿ ಕುಳಿತುಕೊಳ್ಳುವವರಾಗಿದ್ದರೆ, ಮೂಲ ತಿಳಿಯದು ಎಂಬ ನೆಪಕ್ಕೂ ಎಡೆಯಿಲ್ಲ.

ಹಳತಿಗೆ ಹೊಸ ರೂಪ ಕೊಟ್ಟವರೇ ಅದರ ಬೆಲೆಯನ್ನೂ ಪಡೆಯುವಂತಾದರೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಮನೆಯವರ ಹಳೆಯ ಬಟ್ಟೆಗಳನ್ನು ತುಂಡರಿಸಿ ಕೌದಿ ಹೊಲಿಯುತ್ತಾರೆ. ಅದಕ್ಕೆ ಅವರು ಕವಂದಿ ಎನ್ನುತ್ತಾರೆ. ಕ್ರೈಸ್ತ ಸಿದ್ದಿಯರ ಕವಂದಿಗಳಲ್ಲಿ ಶಿಲುಬೆಯ ಆಕಾರ ಕಾಣುವುದುಂಟು. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’, ಅಂದರೆ ಹೂವು, ಇಡದೆ ಕವಂದಿ ಪೂರ್ಣವಾಗುವುದಿಲ್ಲ. ಮಳೆಗಾಲದ ಚಳಿಗೆಂದು ಹೊಲಿದ ಈ ಹೊದಿಕೆಗಳ ಕಡೆಗೆ ಹೆನ್ರಿ ಡ್ರೂವಾಲ್ ಎಂಬ ಅಮೆರಿಕದ ವಿದ್ವಾಂಸರು ಹೊರಗಿನವರ ಗಮನ ಸೆಳೆದರು. 2004ರಲ್ಲಿ ಮಹಿಳೆಯರದೇ ಕೌದಿ ಸಹಕಾರ ಸಂಘವೊಂದು ರೂಪುಗೊಂಡಿತು. ಕೊಳ್ಳುವವರು ಅಲ್ಲಿ ಕೊಡುವ ಹಣ ಹೊಲಿದ ಕೈಗೇ ಸೇರಬೇಕೆಂಬುದು ಅದರ ಆಶಯ.

ಹಣದ ಹೊರತಾಗಿಯೂ ಸಲ್ಲಬೇಕಾದದ್ದು ಒಂದಿದೆ. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪದ ಆವರಣದಲ್ಲಿ ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು. ಆ ಮನೆಗಳು ಇಂದಿಗೂ ತಮ್ಮ ಊರಿನ ಹೆಸರಿನಿಂದಲೇ ಗುರುತಾಗುತ್ತವೆ: ಹರ್ಕೂರು ಮನೆ, ಕುಂಜೂರು ಚೌಕಿಮನೆ. ನಿಮ್ಮ ಪಡಸಾಲೆಯ ಹಂಡೆಯನ್ನು ಅತಿಥಿಗಳು ಮೆಚ್ಚಿದಾಗ, ಅದು ಯಾರ ಬಚ್ಚಲಮನೆಯಲ್ಲಿ ಕಾದದ್ದೆಂದು ಹೇಳಬಲ್ಲಿರಾ?

ಈ ಪಟ್ಟಿಯಲ್ಲಿ ಹೊಲಿಗೆ ಯಂತ್ರವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಮೇಲಿನ ಯಂತ್ರವನ್ನು ಕಳಚಿ, ಬಳ್ಳಿಯ ಚಿತ್ತಾರದ ಕಬ್ಬಿಣದ ಕಾಲುಗಳ ಮೇಲೆ ಗಾಜನ್ನೋ ಹಲಗೆಯನ್ನೋ ಕೂರಿಸಿ ಮೇಜು ಮಾಡುವುದು ಈಗ ಬಹು ಜನಪ್ರಿಯ. ನೋಡಲು ಸೊಗಸು, ಒಪ್ಪಿದೆ. ಆದರೆ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಒಂದು ನಿಯಮವಿದೆ: ಸಾಲ ಕೊಟ್ಟವನು ಬೀಸುವ ಕಲ್ಲನ್ನು ಒತ್ತೆಯಾಗಿ ಇಟ್ಟುಕೊಳ್ಳಕೂಡದು, ಅದು ಒಬ್ಬನ ಜೀವವನ್ನೇ ಒತ್ತೆ ಇಟ್ಟುಕೊಂಡಂತೆ. ಮೇಲಿನ ಕಲ್ಲೊಂದನ್ನು ಕೂಡ ಒಯ್ಯಬಾರದು, ಏಕೆಂದರೆ ಅದಿಲ್ಲದೆ ಕೆಳಗಿನದು ಬರಿಯ ಬಂಡೆ. ಕಾರ್ಖಾನೆಯ ಸಂಬಳ ನಿಂತ ಮನೆಯಲ್ಲಿ ರವಿಕೆ ಹೊಲಿದು ಒಲೆ ಹಚ್ಚಿದ ಯಂತ್ರಕ್ಕೂ ಆ ಬೀಸುವ ಕಲ್ಲಿಗೂ ಎಷ್ಟು ಅಂತರ? ಆದ್ದರಿಂದ ಅಂಥ ಯಂತ್ರ ಮಾರಾಟಕ್ಕಿದೆ ಎಂದು ಕೇಳಿದರೆ ಮೊದಲು ಚಕ್ರವನ್ನೊಮ್ಮೆ ಕೈಯಿಂದ ತಿರುಗಿಸಿ ನೋಡಿ. ಸೂಜಿ ಇನ್ನೂ ಏರಿಳಿಯುತ್ತಿದ್ದರೆ, ಮನೆಯಲ್ಲಿ ಹೊಲಿಯುವವರು ಇನ್ನೂ ಇದ್ದಾರೆಯೇ, ಎಷ್ಟು ಹಣದ ಅಡಚಣೆಗೆ ಇದನ್ನು ಮಾರುತ್ತಿದ್ದೀರಿ ಎಂದು ಕೇಳಿ. ಆ ಮೊತ್ತ ಹಲವೊಮ್ಮೆ ನಿಮ್ಮ ಮೇಜಿನ ಗಾಜಿನ ಬೆಲೆಗಿಂತ ಹೆಚ್ಚಿರುವುದಿಲ್ಲ.